ಪಾದ್-ರೆ ಅಲ್ಲ, ಪಾ-ದ್ರೆ

ಸ್ಪ್ಯಾನಿಶ್ ಕಲಿಯೋಕೆ ಹೊರಟ ನಾವೆಲ್ಲ ಪದವನ್ನ ಸಿಲಬಲ್‌ಗಳಾಗಿ ಒಡೆಯೋಕೆ ಸೀದಾ ಆನ್‌ಲೈನ್ ಟೂಲ್ ತೆಗೀತೀವಿ. ಅದರ ಅಗತ್ಯವೇ ಇಲ್ಲ ಅನ್ನೋದು ನಮ್ಮ ವಾದ. ನಿಯಮ ಅರ್ಧ ಪುಟದಷ್ಟು. ಅದು ತಿಳಿಯದಿದ್ದರೆ ಆಕ್ಸೆಂಟ್ ಗುರುತು ಎಲ್ಲಿ ಹಾಕಬೇಕು ಅನ್ನೋದೂ ತಿಳಿಯಲ್ಲ.

ಅ, ಎ, ಒ ಗಟ್ಟಿ ಸ್ವರಗಳು. ಅಕ್ಕಪಕ್ಕ ಬಂದರೂ ಬೇರೆಬೇರೆ: ಪೊ-ಎ-ತ (ಕವಿ). ಇ, ಉ ಮೆದು. ಗಟ್ಟಿಯ ಜೊತೆ ಬೆರೆತು ಒಂದಾಗುತ್ತವೆ. ಮೆದು ಸ್ವರವನ್ನೇ ಒತ್ತಿ ಹೇಳಿದರೆ ಮತ್ತೆ ಎರಡು: ದೀ-ಅ (ದಿನ). ಗುರುತು ಬೀಳೋದೂ ಅಲ್ಲೇ.

ಕನ್ನಡದ ನಾಲಿಗೆಗೆ ತೊಡಕು ವ್ಯಂಜನದಲ್ಲಿ. 'ಪತ್ರ'ವನ್ನ ನಾವು ಪತ್-ರ ಅಂತೀವಿ. ಒತ್ತಕ್ಷರದ ಹಿಂದಿನದು ಗುರು ಅಂತ ಛಂದಸ್ಸಿನಲ್ಲಿ ಓದಿದ್ದೂ ಅದನ್ನೇ. ಆದರೆ ಸ್ಪ್ಯಾನಿಶ್‌ನಲ್ಲಿ ಅಪ್ಪ ಪಾ-ದ್ರೆ. ತಮಾಷೆ ಅಂದ್ರೆ, ನಮ್ಮ ಲಿಪಿ ಒಡೆಯೋದೂ ಹಾಗೇ!

'ಆತ್ಲಸ್' ಮಾತ್ರ ಸ್ಪೇನ್‌ನ ಬಹುಭಾಗದಲ್ಲಿ ಆತ್-ಲಸ್, ಮೆಕ್ಸಿಕೊದಲ್ಲಿ ಆ-ತ್ಲಸ್. ಎರಡೂ ಸರಿ. ಪದ ಒಡೆಯೋ ಅಡ್ಡಗೆರೆಯ ಹೆಸರೇ 'ಗಿಯೊನ್'. ಅದು ಒಂದು ಸಿಲಬಲ್ಲೋ ಎರಡೋ ಅಂತ ಜಗಳ. ಬರವಣಿಗೆಯಲ್ಲಿ ಒಂದೇ, ಗುರುತು ಬೇಡ ಅಂತ ಅಕಾಡೆಮಿ 2010ರಲ್ಲಿ ತೀರ್ಮಾನಿಸಿತು. ಬರೆಯುವಾಗ ಒಪ್ಪೋಣ. ಎರಡಾಗಿ ಉಚ್ಚರಿಸೋರನ್ನ ತಿದ್ದೋಕೆ ಹೋಗೋದು ಬೇಡ, ಅಕಾಡೆಮಿಯೂ ಹೋಗಿಲ್ಲ.