ದೆವ್ವಕ್ಕೆ ಹೆಸರಿಡೋರು ಯಾರು? ಬಳ್ಳಾರಿ ಗೋಡೆ ಮೇಲಿನ ಹಾರರ್ ಟೈಟಲ್‌ಗಳು

2025ರ ಜುಲೈ ಕೊನೆಯಲ್ಲಿ ತೆರೆಕಂಡ ಜೆ.ಪಿ. ತೂಮಿನಾಡು ಅವರ 'ಸು ಫ್ರಮ್ ಸೋ' ಟೈಟಲ್‌ನಲ್ಲಿ ದೆವ್ವ ಇಲ್ಲ, ರಕ್ತ ಇಲ್ಲ, ಕತ್ತಲೆಯೂ ಇಲ್ಲ. ಸೋಮೇಶ್ವರದ ಸುಲೋಚನಾ ಅನ್ನೋದರ ಗಿಡ್ಡ ರೂಪ ಅದು, ಅಷ್ಟೇ. ದೊಡ್ಡ ಸ್ಟಾರ್ ಇಲ್ಲದ ಈ ಸಿನಿಮಾ ಬಾಯಿಂದ ಬಾಯಿಗೆ ಹಬ್ಬಿ, ಗಳಿಕೆ 100 ಕೋಟಿ ರೂಪಾಯಿ ದಾಟಿತು ಅಂತ ವರದಿಗಳು ಬಂದವು. ಟೈಟಲ್‌ನಿಂದಲೇ ಸಿನಿಮಾ ಗೆದ್ದಿತು ಅಂತ ನಾನು ಹೇಳ್ತಿಲ್ಲ. ಆದರೆ ಆ ಟೈಟಲ್ ಒಂದು ಅಪರೂಪದ ಕೆಲಸ ಮಾಡಿದೆ. ದೆವ್ವಕ್ಕೆ ಒಂದು ವಿಳಾಸ ಕೊಟ್ಟಿದೆ. ವಿಳಾಸ ಇದ್ದ ಮೇಲೆ ಅಲ್ಲಿಗೆ ಹೋಗಿ ವಿಚಾರಿಸಬಹುದು. ಸಿನಿಮಾದೊಳಗೂ ಆಗೋದು ಅದೇ. ಮೈಮೇಲೆ ಬಂದ ಸುಲೋಚನಾಳ ಜಾಡು ಹಿಡಿದು ಹೋದರೆ ಎದುರಾಗೋದು ಒಬ್ಬ ಹೆಣ್ಣುಮಗಳ ನಿಜವಾದ ಸಂಕಟ.

ಹಾರರ್ ಸಿನಿಮಾದ ಟೈಟಲ್ ಬಗ್ಗೆ ನಾವು ಸಾಮಾನ್ಯವಾಗಿ ಕೇಳೋದು ಒಂದೇ ಪ್ರಶ್ನೆ: ಹೆದರಿಸುತ್ತಾ, ಇಲ್ವಾ? ಕೇಳದೇ ಬಿಡುವ ಇನ್ನೊಂದು ಪ್ರಶ್ನೆ ಇದೆ. ಯಾರ ಹೆಸರು ಹಿಡಿದು ಹೆದರಿಸ್ತಿದ್ದಾರೆ? ಈ ಎರಡನ್ನೂ ಒಟ್ಟಿಗೆ ಕೇಳೋಕೆ ಬಳ್ಳಾರಿಗಿಂತ ಒಳ್ಳೆಯ ಜಾಗ ಕಡಿಮೆ. ಇಲ್ಲಿ ಒಂದೇ ಗೋಡೆ ಮೇಲೆ ಕನ್ನಡದ ಪೋಸ್ಟರ್ ಪಕ್ಕದಲ್ಲೇ ತೆಲುಗಿನದ್ದು ಇರುತ್ತೆ, ಎರಡನ್ನೂ ಓದುವ ಜನ ಇದ್ದಾರೆ, ಎರಡೂ ಭಾಷೆಯ ದೆವ್ವಗಳಿಗೆ ಟಿಕೆಟ್ ತಗೊಳ್ಳೋರೂ ಅವರೇ.

ಮೊದಲು ಹೆದರಿಕೆಯ ವಿಷಯ. ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಿ ಹಿರಿಯರು 'ದೆವ್ವ' ಅನ್ನೋ ಪದವನ್ನ ಸುಲಭಕ್ಕೆ ಬಾಯಿಗೆ ತರಲ್ಲ. 'ಗಾಳಿ ಆಗೈತಿ' ಅಂತಾರೆ. ಹಾವು ಕಚ್ಚಿದರೆ 'ಹುಳ ಮುಟ್ಟೈತಿ'. ಮೈಮೇಲೆ ಗುಳ್ಳೆ ಎದ್ದರೆ 'ಅಮ್ಮ ಬಂದಾಳ'. ಭಯದ ವಸ್ತುವಿನ ಹೆಸರು ಹೇಳಿದರೆ ಅದು ಕೇಳಿಸಿಕೊಂಡು ಬಂದುಬಿಡುತ್ತೆ ಅನ್ನೋ ನಂಬಿಕೆಗೆ ಕನ್ನಡ ಕಟ್ಟಿಕೊಂಡ ವ್ಯಾಕರಣ ಇದು. ನಂಬಿಕೆಯನ್ನ ನೀವು ಒಪ್ಪಬೇಕಿಲ್ಲ, ನಾನೂ ಒಪ್ಪಲ್ಲ. ಆದರೆ ಟೈಟಲ್ ಹುಡುಕೋರಿಗೆ ಇದರಲ್ಲಿ ದೊಡ್ಡ ಪಾಠ ಇದೆ. ದಿನಬಳಕೆಯ ಸಾದಾ ಪದವನ್ನ ಸ್ವಲ್ಪ ಓರೆ ಮಾಡಿ ಇಟ್ಟರೆ ಹುಟ್ಟುವ ನಡುಕ, ತಲೆಬುರುಡೆಯ ಚಿತ್ರ ಬರೆದರೆ ಹುಟ್ಟಲ್ಲ.

ಕನ್ನಡದ ಅತಿ ಒಳ್ಳೆಯ ಹಾರರ್ ಟೈಟಲ್ ಯಾವುದು ಅಂತ ಯಾರಾದರೂ ಕೇಳಿದರೆ, ಅದನ್ನ ಯಾವ ಡೈರೆಕ್ಟರೂ ಬರೆದಿಲ್ಲ ಅಂತೀನಿ. 1990ರ ದಶಕದಲ್ಲಿ ಕರ್ನಾಟಕದ ಹಲವು ಕಡೆ ಮನೆ ಬಾಗಿಲ ಮೇಲೆ ಜನ 'ನಾಳೆ ಬಾ' ಅಂತ ಬರೆದುಕೊಂಡಿದ್ದರು. ರಾತ್ರಿ ಗುರುತಿನವರ ದನಿಯಲ್ಲಿ ಬಂದು ಕರೆಯುವ ಹೆಣ್ಣು ದೆವ್ವ, ಆ ಬರಹ ಓದಿ ವಾಪಸ್ ಹೋಗುತ್ತೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತೆ. (ಅಕ್ಷರ ಬಲ್ಲ ದೆವ್ವ, ಅದೂ ಕನ್ನಡ ಓದುವ ದೆವ್ವ. ಈಗಿನ ಕಾಲದಲ್ಲಿ ಗೌರವ ಕೊಡಲೇಬೇಕು.) ಎರಡೇ ಪದ. ಸಾಲ ಕೇಳೋಕೆ ಬಂದವನಿಗೆ, ಆಫೀಸಿಗೆ ಅರ್ಜಿ ಹಿಡಿದು ಬಂದವರಿಗೆ ದಿನಾ ಹೇಳುವ ಮಾತು. ಅದನ್ನೇ ಸಾವಿಗೆ ಹೇಳಿದಾಗ ಬೆನ್ನು ತಣ್ಣಗಾಗುತ್ತೆ.

ಈ ಕಥೆಯ ಎಳೆ ಹಿಡಿದು 2018ರಲ್ಲಿ ಹಿಂದಿಯಲ್ಲಿ ಅಮರ್ ಕೌಶಿಕ್ 'ಸ್ತ್ರೀ' ಮಾಡಿದರು. ನಾಳೆ ಬಾ ಅನ್ನೋ ಮಾತು ಹಿಂದಿಯಾಗಿ ಚಂದೇರಿಯ ಗೋಡೆಗಳಿಗೆ ಹೋಯಿತು. 2024ರ ಆಗಸ್ಟ್‌ನಲ್ಲಿ ಬಂದ ಎರಡನೇ ಭಾಗ ಹಿಂದಿಯ ದೊಡ್ಡ ಹಿಟ್‌ಗಳಲ್ಲಿ ಒಂದಾಯಿತು. ಕಥೆ ನಮ್ಮದು, ದುಡ್ಡು ಅವರದ್ದು ಅನ್ನೋ ಗೋಳು ಬೇಡ. ಗಮನಿಸಬೇಕಾದ್ದು ಟೈಟಲ್ ಹೇಗೆ ಬದಲಾಯಿತು ಅನ್ನೋದನ್ನ. ನಮ್ಮ ಬಾಗಿಲ ಮೇಲಿದ್ದದ್ದು ದೆವ್ವಕ್ಕೆ ಹೇಳಿದ ಮಾತು. ಅಲ್ಲಿ ಅದು ದೆವ್ವದ ಹೆಸರಾಯಿತು, ಆ ಹೆಸರು 'ಹೆಣ್ಣು'. ಗಂಡಸರು ರಾತ್ರಿ ಹೊರಗೆ ಹೋಗೋಕೆ ಹೆದರುವ ಊರನ್ನ ತೋರಿಸಿ ಸಿನಿಮಾ ವ್ಯಂಗ್ಯ ಮಾಡುತ್ತೆ ಅನ್ನೋದು ನಿಜ. ಆ ವ್ಯಂಗ್ಯ ಟಿಕೆಟ್ ತಗೊಂಡು ಒಳಗೆ ಹೋದವರಿಗೆ ಸಿಗುತ್ತೆ. ಪೋಸ್ಟರ್ ಮಾತ್ರ ಎಲ್ಲರಿಗೂ ಸಿಗುತ್ತೆ.

ಕನ್ನಡ ಸಿನಿಮಾ ಈ ಓರೆ ಮಾತಿನ ಗುಟ್ಟನ್ನ ಬಹಳ ಹಿಂದೆಯೇ ಕಂಡುಕೊಂಡಿತ್ತು. 1979ರ 'ನಾ ನಿನ್ನ ಬಿಡಲಾರೆ' ನೋಡಿ. ಅನಂತನಾಗ್, ಲಕ್ಷ್ಮಿ ಜೋಡಿ. ಗೋಡೆ ಮೇಲೆ ಓದಿದರೆ ಅಪ್ಪಟ ಪ್ರೇಮಕಥೆ. ಒಳಗೆ ಹೋದರೆ ಅದೇ ವಾಕ್ಯ ಎರಡು ಬಾಯಲ್ಲಿ ಇರುತ್ತೆ: ಗಂಡನನ್ನ ಬಿಟ್ಟುಕೊಡದ ಹೆಂಡತಿಯದ್ದೂ ಅದೇ ಮಾತು, ಅವನ ಮೈ ಹೊಕ್ಕ ಪ್ರೇತದ್ದೂ ಅದೇ ಮಾತು. ಕಥೆಗೆ ಆಸರೆಯಾಗಿ ನಿಲ್ಲೋದು ಮಂತ್ರಾಲಯದ ರಾಯರ ಭಕ್ತಿ. ಸಿರುಗುಪ್ಪ ದಾಟಿ ತುಂಗಭದ್ರೆ ಕೆಳಗೆ ಹರಿದು ಹೋಗಿ ಮುಟ್ಟುವ ಊರು ಅದು. ಹಾಗಾಗಿ ಈ ಭಾಗದವರಿಗೆ ಆ ಸಿನಿಮಾದ ಭೂಗೋಳ ಮನೆಯಂಗಳದ್ದು.

1993ರಲ್ಲಿ ಉಪೇಂದ್ರ 'ಶ್' ಅಂತ ಇಟ್ಟರು. ಅದು ಪದ ಅಲ್ಲ, ಅರ್ಧ ಅಕ್ಷರ. ಸ್ವರ ಇಲ್ಲದ ವ್ಯಂಜನವನ್ನ ಗಟ್ಟಿಯಾಗಿ ಕೂಗೋಕೆ ಆಗಲ್ಲ, ಓದುವವನೇ ಪಿಸುಗುಟ್ಟಬೇಕಾಗುತ್ತೆ. ಕನ್ನಡ ಲಿಪಿಯ ಆ ಸಣ್ಣ ಕೊಕ್ಕೆಯನ್ನ ಡಿಸೈನ್ ಆಗಿ ಬಳಸಿದ ಇಂಥ ಉದಾಹರಣೆ ಕಡಿಮೆ. 20 ವರ್ಷ ಆದ ಮೇಲೆ, 2013ರಲ್ಲಿ, ಕೆ.ಎಸ್. ಅಶೋಕ ಅವರ '6-5=2' ಬಂತು. ಚಾರಣಕ್ಕೆ ಹೋದ ಆರು ಜನರ ಕಥೆ. ಒಂದನೇ ಕ್ಲಾಸಿನ ಲೆಕ್ಕ ತಪ್ಪಾಗಿದೆ, ಹೆಚ್ಚಾದ ಆ ಒಂದು ಯಾವುದು ಅಂತ ಓದುಗ ತಾನೇ ಕೇಳಿಕೊಳ್ಳಬೇಕು. ಯಾವ ಭಾಷೆಯವನು ಓದಿದರೂ ಅದೇ ಪ್ರಶ್ನೆ ಹುಟ್ಟುತ್ತೆ. ಹಿಂದಿಗೆ ಹೋದಾಗಲೂ ಟೈಟಲ್ ಬದಲಿಸಬೇಕಾಗಲಿಲ್ಲ. ಪವನ್ ಕುಮಾರ್ ಅವರ 'ಯು ಟರ್ನ್' (2016) ಕೂಡ ಇದೇ ಜಾತಿಯದ್ದು. ಟ್ರಾಫಿಕ್ ಬೋರ್ಡಿನ ಪದ, ಸಿನಿಮಾ ನೋಡಿ ಬಂದ ಮೇಲೆ ಗಾಡಿ ತಿರುಗಿಸುವಾಗ ಕೈ ತಡೆಯುತ್ತೆ.

ಇಷ್ಟು ಹೇಳಿದ ಮೇಲೆ, ನೇರವಾಗಿ ರಕ್ತ ಅಂದರೆ ಕೆಲಸ ಮಾಡಲ್ಲ ಅಂತ ನಿಯಮ ಬರೆದುಬಿಡೋಣ ಅನ್ನಿಸುತ್ತೆ. ಬಳ್ಳಾರಿ ಸೀಮೆ ಅದಕ್ಕೆ ಅಡ್ಡ ಬರುತ್ತೆ. ಇಲ್ಲಿನ ಹಳ್ಳಿ ಜಾತ್ರೆಗಳಲ್ಲಿ ಇವತ್ತಿಗೂ ಆಡುವ ನಾಟಕ ಕಂದಗಲ್ ಹನುಮಂತರಾಯರ 'ರಕ್ತರಾತ್ರಿ'. ಕುರುಕ್ಷೇತ್ರ ಮುಗಿದ ಮೇಲೆ ಅಶ್ವತ್ಥಾಮ ಮಲಗಿದ್ದವರನ್ನ ಕೊಂದ ರಾತ್ರಿ. ಇದಕ್ಕಿಂತ ನೇರ ಟೈಟಲ್ ಇಲ್ಲ, ಇದಕ್ಕಿಂತ ಗಟ್ಟಿ ಟೈಟಲ್ಲೂ ಇಲ್ಲ. ಯಾಕೆ? ಕಥೆ ಎಲ್ಲರಿಗೂ ಗೊತ್ತು, ಏನು ನಡೆಯುತ್ತೆ ಅನ್ನೋ ಕುತೂಹಲ ಅಲ್ಲಿಲ್ಲ. ಅದು ಕೊಡೋದು ಒಂದು ಹೊತ್ತನ್ನ. ರಾತ್ರಿ ಶುರುವಾಗಿ ಬೆಳಗಿನ ಜಾವಕ್ಕೆ ಮುಗಿಯುವ ನಾಟಕಕ್ಕೆ ರಾತ್ರಿಯ ಹೆಸರೇ ಇಟ್ಟರೆ, ಪ್ರೇಕ್ಷಕ ಆ ರಾತ್ರಿಯೊಳಗೇ ಕೂತಿರ್ತಾನೆ. ಜತೆಗೆ ಇನ್ನೊಂದು: ಇದು ಓದುವ ಟೈಟಲ್ ಆಗುವ ಮೊದಲು ಕೇಳುವ ಟೈಟಲ್. ಆಟೋಗೆ ಮೈಕ್ ಕಟ್ಟಿಕೊಂಡು ಊರೂರು ಸುತ್ತುವಾಗ 'ರ' ಎರಡು ಸಲ ಗುಡುಗುತ್ತೆ. ಇವತ್ತು ಫೋನಿನ ಪರದೆಯಲ್ಲಿ ಹೆಬ್ಬೆರಳಷ್ಟು ಜಾಗಕ್ಕೆ ಟೈಟಲ್ ಕೂರಿಸುವವರು ಈ ಮೈಕ್ ಪರೀಕ್ಷೆಯನ್ನ ಮರೆತಿದ್ದಾರೆ. ಬಾಯಲ್ಲಿ ಹೇಳಲಾಗದ್ದನ್ನ ಯಾರೂ ಇನ್ನೊಬ್ಬರಿಗೆ ದಾಟಿಸಲ್ಲ.

ಬಳ್ಳಾರಿಯಲ್ಲೇ ನಾಟಕ ಬರೆದ ಧರ್ಮವರಂ ರಾಮಕೃಷ್ಣಾಚಾರ್ಯರು (1853–1912) ತಮ್ಮ ತೆಲುಗು ನಾಟಕಕ್ಕೆ 'ವಿಷಾದ ಸಾರಂಗಧರ' ಅಂತ ಹೆಸರಿಟ್ಟಿದ್ದರು. ದುರಂತ ನಾಟಕ ಆಗ ಹೊಸದು. ಸುಖಾಂತ್ಯಕ್ಕೆ ಒಗ್ಗಿದ ಪ್ರೇಕ್ಷಕನಿಗೆ ಬಾಗಿಲಲ್ಲೇ ಎಚ್ಚರಿಕೆ. ಪ್ರಕಾರ ಹೊಸದಾದಾಗ ಟೈಟಲ್ ವಿವರಿಸಬೇಕಾಗುತ್ತೆ, ಹಳತಾದಾಗ ಮುಚ್ಚಿಡಬಹುದು.

ಈಗ ಎರಡನೇ ಪ್ರಶ್ನೆ, ಹೆಸರಿನ ಪ್ರಶ್ನೆ. ಮಲಯಾಳದ 'ಮಣಿಚಿತ್ರತಾಳ್' (1993) ಅಂದರೆ ಚಿತ್ತಾರದ ಬೀಗ. ಅದೇ ಕಥೆ ಕನ್ನಡಕ್ಕೆ ಬಂದಾಗ 'ಆಪ್ತಮಿತ್ರ' (2004) ಆಯಿತು, ತಮಿಳಿನಲ್ಲಿ 'ಚಂದ್ರಮುಖಿ' (2005), ಹಿಂದಿಯಲ್ಲಿ 'ಭೂಲ್ ಭುಲಯ್ಯಾ' (2007). ಬೀಗ, ಗೆಳೆಯ, ಹೆಣ್ಣು, ಚಕ್ರವ್ಯೂಹ. ಕನ್ನಡ ಆರಿಸಿದ್ದು ಕಾಯಿಲೆ ವಾಸಿ ಮಾಡಲು ಬಂದ ಡಾಕ್ಟರನ್ನ. ವಿಷ್ಣುವರ್ಧನ್ ಅವರ ಸ್ಟಾರ್‌ಗಿರಿ ಇದಕ್ಕೆ ಕಾರಣ ಅಂತ ಹೇಳಿ ಮುಗಿಸಬಹುದು. ಆದರೆ ರಜನಿಕಾಂತ್ ಇದ್ದೂ ತಮಿಳಿನವರು ಹೆಣ್ಣಿನ ಹೆಸರನ್ನೇ ಇಟ್ಟರಲ್ಲ! ನನಗೆ ಕನ್ನಡದ ಆಯ್ಕೆಯೇ ಹೆಚ್ಚು ಮನುಷ್ಯತ್ವದ್ದು ಅನ್ನಿಸುತ್ತೆ. ಅದು ಭಯವನ್ನ ಅಲ್ಲ, ವಾಸಿಯಾಗೋದನ್ನ ಮುಂದಿಟ್ಟಿತು. ಜನ ಮಾತ್ರ 'ನಾಗವಲ್ಲಿ ಪಿಕ್ಚರ್' ಅಂತಲೇ ನೆನಪಿಟ್ಟುಕೊಂಡರು, ಅದು ಬೇರೆ ಮಾತು.

ಪಟ್ಟಿ ಮಾಡಿ ನೋಡಿ: ಚಂದ್ರಮುಖಿ, ನಾಗವಲ್ಲಿ, ಕಾಂಚನ, ಕಲ್ಪನ, ಮಸೂದ. ದೆವ್ವಗಳ ಹಾಜರಿ ಪುಸ್ತಕದಲ್ಲಿ ಗಂಡಸರೇ ಇಲ್ಲವೇನೋ ಅನ್ನಿಸುತ್ತೆ. 2022ರ ತೆಲುಗು 'ಮಸೂದ' ಅಚ್ಚುಕಟ್ಟಾದ ಸಿನಿಮಾ ಅಂತ ಮೆಚ್ಚಿದವರು ಬಹಳ. ಇರಲಿ. ಆದರೆ ಆ ಹೆಸರು ಹೊತ್ತ ಹುಡುಗಿ ಬಳ್ಳಾರಿಯ ಕೌಲ್ ಬಜಾರಿನ ಯಾವುದೋ ಶಾಲೆಯಲ್ಲಿ ಇದ್ದರೆ ಕ್ಲಾಸಿನ ಹುಡುಗರು ಏನಂತ ಕೂಗಿರಬಹುದು, ಯೋಚಿಸಿ. 2023ರ ತೆಲುಗು 'ವಿರೂಪಾಕ್ಷ' ಹಾರರ್‌ಗೆ ಇಲ್ಲಿ ಉಲ್ಟಾ ಸಮಸ್ಯೆ. ಹಂಪಿಯ ವಿರೂಪಾಕ್ಷ 2021ರ ತನಕ ಬಳ್ಳಾರಿ ಜಿಲ್ಲೆಯವನೇ. ವಿರುಪಾಕ್ಷಪ್ಪ ಅನ್ನೋ ಮಾವನೋ ಚಿಕ್ಕಪ್ಪನೋ ಇರದ ಓಣಿ ಇಲ್ಲ. ದೂರದವರಿಗೆ ನಿಗೂಢವಾಗಿ ಕೇಳೋದು ಇಲ್ಲಿ ಕಟ್ಟೆ ಮೇಲೆ ಕೂತ ದೊಡ್ಡವರ ಹೆಸರು. ದೇವರ ಹೆಸರಿಗೆ, ಗಂಡಸಿನ ಹೆಸರಿಗೆ ಈ ರಕ್ಷಣೆ ಇದೆ. ಹಾರರ್ ಪೋಸ್ಟರ್ ಮೇಲೆ ಬಂದರೂ ಆ ಹೆಸರಿಗೆ ಮಸಿ ಅಂಟಲ್ಲ.

ಯಾರಿಗೆ ಆ ರಕ್ಷಣೆ ಇಲ್ಲ ಅನ್ನೋದಕ್ಕೆ 'ಕಾಂಚನ'ದ ಪಯಣ ಸಾಕ್ಷಿ. 2011ರ ತಮಿಳು ಸಿನಿಮಾದಲ್ಲಿ ಸೇಡಿಗೆ ಬರುವ ಪ್ರೇತ ಒಬ್ಬ ಟ್ರಾನ್ಸ್‌ಜೆಂಡರ್ ಮಹಿಳೆಯದ್ದು. 2012ರಲ್ಲಿ ಉಪೇಂದ್ರ ನಟನೆಯಲ್ಲಿ ಕನ್ನಡದ 'ಕಲ್ಪನ' ಬಂತು. 2020ರಲ್ಲಿ ಅಕ್ಷಯ್ ಕುಮಾರ್ ಅದನ್ನೇ 'ಲಕ್ಷ್ಮೀ ಬಾಂಬ್' ಅಂತ ಮಾಡಿದಾಗ ಗಲಾಟೆಯಾಗಿ 'ಲಕ್ಷ್ಮೀ' ಮಾತ್ರ ಉಳಿಯಿತು. ಟೈಟಲ್ ಬದಲಿಸಿದ ಆ ಗಲಾಟೆ ದೇವಿಯ ಹೆಸರಿನ ಜತೆ ಬಾಂಬ್ ಸೇರಿಸಿದ್ದಕ್ಕೆ. ಟ್ರಾನ್ಸ್‌ಜೆಂಡರ್ ಮಹಿಳೆಯ ಬದುಕು ಪ್ರತಿ ಸಲವೂ ದೆವ್ವವಾಗಿಯೇ ಯಾಕೆ ತೆರೆಗೆ ಬರಬೇಕು ಅನ್ನೋದು ಯಾವ ಟೈಟಲ್ಲನ್ನೂ ಬದಲಿಸಲಿಲ್ಲ. ಕುರುಗೋಡು ಸೀಮೆಯ ಕಲ್ಲುಕಂಬದಿಂದ ಬಂದ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಜೋಗತಿಯರು ಎಲ್ಲಮ್ಮನ ಹೆಸರಲ್ಲಿ ಮನೆಬಾಗಿಲಿಗೆ ಬಂದು ಹರಸಿ ಹೋಗುವ ನಾಡು ಇದು. ಇದೇ ನಾಡಿನ ಗೋಡೆಗಳಿಗೆ ಅಂಥವರ ಮುಖ ಕೆಂಪು ಕಣ್ಣಿನ ಪೋಸ್ಟರ್ ಆಗಿ ಬರುತ್ತೆ.

ಹೆಸರು ಎಷ್ಟು ಸೂಕ್ಷ್ಮ ಅನ್ನೋದನ್ನ ಕರಾವಳಿಯವರು ಗಟ್ಟಿಯಾಗಿ ಹೇಳಿದರು. 2025ರ ನವೆಂಬರ್‌ನಲ್ಲಿ ಗೋವಾ ಚಿತ್ರೋತ್ಸವದ ವೇದಿಕೆ ಮೇಲೆ ರಣವೀರ್ ಸಿಂಗ್ 'ಕಾಂತಾರ'ದ ದೈವವನ್ನ ಹೆಣ್ಣು ದೆವ್ವ ಅಂದರು, ವಿರೋಧ ಬಂತು, ಕ್ಷಮೆ ಕೇಳಿದರು. ದೈವಕ್ಕೂ ದೆವ್ವಕ್ಕೂ ಒಂದೆರಡು ಅಕ್ಷರದ ವ್ಯತ್ಯಾಸ. ಆ ವ್ಯತ್ಯಾಸ ಕಾಪಾಡೋಕೆ ಬೇಕಾದ ಬಲ ಕರಾವಳಿಗೆ ಇತ್ತು. ಗಾಳಿ ಬಿಡಿಸ್ತೀವಿ ಅಂತ ಕಟ್ಟಿಹಾಕಿ ಹೊಡೆಸಿಕೊಳ್ಳುವ ಹೆಂಗಸಿಗೆ ಆ ಬಲ ಇಲ್ಲ. ಹಾಗೆ ಹೊಡೆಯೋದು ಅಪರಾಧ ಅಂತ ಕರ್ನಾಟಕ 2017ರಲ್ಲಿ ಕಾಯ್ದೆ ಮಾಡಿತು, 2020ರ ಜನವರಿಯಲ್ಲಿ ಜಾರಿಗೆ ತಂದಿತು. ಕಾನೂನು ಹೊಡೆತವನ್ನ ತಡೀಬಹುದು. ಪೋಸ್ಟರ್ ಕಲಿಸಿದ್ದನ್ನ ಮರೆಸೋಕೆ ಅದಕ್ಕೆ ಆಗಲ್ಲ.

ಟೈಟಲ್‌ಗೆ ಕಾನೂನಿನ ಕಣ್ಣಲ್ಲಿ ಹೆಚ್ಚು ಬೆಲೆ ಇಲ್ಲ. ಅದಕ್ಕೆ ಕಾಪಿರೈಟ್ ಇಲ್ಲ ಅಂತ 2015ರಲ್ಲಿ ಕೃಷಿಕಾ ಲುಲ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಫಿಲಂ ಚೇಂಬರಿನ ನೋಂದಣಿ ಉದ್ಯಮದವರ ಒಳ ಏರ್ಪಾಡು. ಅಂದರೆ ಒಳ್ಳೆಯ ಟೈಟಲ್ ಹುಡುಕೋಕೆ ದುಡ್ಡು ಬೇಡ, ಕಿವಿ ಬೇಕು. ಸಿರುಗುಪ್ಪದಲ್ಲೋ ಕುರುಗೋಡಿನಲ್ಲೋ ಫೋನ್ ಹಿಡಿದು ಮೊದಲ ಹಾರರ್ ಶಾರ್ಟ್ ಫಿಲ್ಮ್ ಮಾಡೋಕೆ ಹೊರಟವರು ಇಂಗ್ಲಿಷ್ ಡಿಕ್ಷನರಿ ತೆಗೆಯೋ ಬದಲು ಊರಿನ ಕಟ್ಟೆ ಮೇಲೆ ಒಂದು ಸಂಜೆ ಕೂತರೆ ಸಾಕು. ಉದಾಹರಣೆಗೆ ಕಾಲುವೆ ಬಯಲಿನ ಭತ್ತದ ರೈತರು ಮಳೆಗಾಲ ಬಂತೆಂದರೆ ಕಾಯುವ ಒಂದು ಮಾತಿದೆ: 'ನೀರು ಬಿಟ್ಟಾರ'. ಅಷ್ಟು ಸಂತೋಷದ ಸುದ್ದಿ ಈ ಕಡೆ ಇನ್ನೊಂದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ಮಿಕ್ಕ ಗೇಟುಗಳ ಮೇಲಿನ ಒತ್ತಡ ಇಳಿಸೋಕೆ ನದಿಗೆ ನೀರು ಹರಿಸಬೇಕಾಯಿತು. ಆ ರಾತ್ರಿ ಹೊಳೆದಂಡೆಯ ಊರುಗಳಲ್ಲಿ ಯಾರೋ ಬಾಗಿಲು ಬಡಿದು ಹೇಳಿದ್ದರೆ, ಹೇಳೋಕೆ ಇದ್ದದ್ದೂ ಅದೇ ಎರಡು ಪದ.