ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರ

ಬೊಜ್ಜು ಪೇಟೆಯವರ, ಉಳ್ಳವರ ತೊಂದರೆ ಎಂಬ ಮಾತು ನಮ್ಮ ಗಡಿನಾಡಿನಲ್ಲಿ ಇಂದಿಗೂ ಕೇಳಿಬರುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಬೇರೆಯದನ್ನೇ ಹೇಳುತ್ತದೆ. ಕೇರಳದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಅಧಿಕ ತೂಕದವರು 2015–16ರಲ್ಲಿ ಶೇ. 32.4ರಷ್ಟಿದ್ದರು, 2019–21ರಲ್ಲಿ ಆ ಪ್ರಮಾಣ ಶೇ. 38.1ಕ್ಕೇರಿತು. ಪುರುಷರಲ್ಲಿ ಶೇ. 28.5 ಇದ್ದದ್ದು 36.4 ಆಯಿತು. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನರನ್ನು ಮುಟ್ಟಿದ ತೊಂದರೆಯನ್ನು ಉಳ್ಳವರ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳಲು ಬಾರದು. ಐದು ವರ್ಷದೊಳಗಿನ ಮಕ್ಕಳಲ್ಲಿ ಏರಿಕೆ ಇನ್ನೂ ಚಿಕ್ಕದು, ಶೇ. 3.4ರಿಂದ 4ಕ್ಕೆ. ತಡೆಯುವ ಕಾಲವೆಂದರೆ ಇದೇ.

ಸರಕಾರಗಳು ಸುಮ್ಮನೆ ಕುಳಿತಿಲ್ಲ. 2016ರ ಮುಂಗಡಪತ್ರದಲ್ಲಿ ಕೇರಳವು ಬ್ರಾಂಡ್ ಉಪಾಹಾರಗೃಹಗಳ ಬರ್ಗರ್, ಪಿಜ್ಜಾಗಳ ಮೇಲೆ ಶೇ. 14.5ರಷ್ಟು ‘ಕೊಬ್ಬು ತೆರಿಗೆ’ ಹಾಕಿ ದೇಶದ ಗಮನ ಸೆಳೆಯಿತು. ಮರುವರ್ಷ ಜಿಎಸ್‌ಟಿ ಬಂದಾಗ ಅದು ಇಲ್ಲವಾಯಿತು. ಇದ್ದಾಗಲೂ ಅದು ಪೆರ್ಲ, ಬದಿಯಡ್ಕಗಳ ಮಗುವನ್ನು ಮುಟ್ಟಿದ್ದು ಅಷ್ಟಕ್ಕಷ್ಟೇ. ನಮ್ಮ ಮಕ್ಕಳ ಕೈಗೆ ಬರುವುದು ಗೂಡಂಗಡಿಯಲ್ಲಿ ತೂಗುವ ಐದು, ಹತ್ತು ರೂಪಾಯಿಯ ಪೊಟ್ಟಣ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಪರಿಷ್ಕರಣೆಯಾದಾಗ ಸಕ್ಕರೆ ಬೆರೆತ ತಂಪು ಪಾನೀಯಗಳಿಗೆ ಶೇ. 40ರ ದರ ನಿಗದಿಯಾಯಿತು, ಸರಿ. ಆದರೆ ಬಿಸ್ಕತ್ತು, ಖಾರದ ಪೊಟ್ಟಣ, ಚಾಕಲೇಟುಗಳ ತೆರಿಗೆ ಶೇ. 5ಕ್ಕಿಳಿಯಿತು. ಒಂದು ಕೈ ತಡೆಯುತ್ತದೆ, ಇನ್ನೊಂದು ಕೈ ಕರೆಯುತ್ತದೆ.

ಹಾಗಾದರೆ ಉಳಿದದ್ದು ತಿಳಿವಳಿಕೆ. ಇಲ್ಲಿಯೇ ನಮ್ಮ ಕನ್ನಡ ಮಾಧ್ಯಮದ ಮನೆಗಳಿಗೆ ವಿಶೇಷವಾದ ತೊಡಕೊಂದಿದೆ. ಪೊಟ್ಟಣದ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕೆಂಬುದು ಕಾನೂನು. ಬೇರೆ ಭಾಷೆ ಕಂಪೆನಿಯ ಇಚ್ಛೆಗೆ ಬಿಟ್ಟದ್ದು. ಮೊಮ್ಮಗುವಿಗೆ ಪೊಟ್ಟಣ ಕೊಡಿಸುವ ಅಜ್ಜಿಗೆ ಅದರ ಹಿಂಬದಿ ಬರಿಯ ಚಿತ್ತಾರ. ಓದಬಲ್ಲವರು ಮಕ್ಕಳು, ಓದಲು ಕಲಿಸಬೇಕಾದವರು ನಾವು. ಕೋಷ್ಟಕದಲ್ಲಿ ‘ಷುಗರ್’ ಎಂಬ ಸಾಲಿನ ಮುಂದಿನ ಗ್ರಾಮನ್ನು ನಾಲ್ಕರಿಂದ ಭಾಗಿಸಿದರೆ ಎಷ್ಟು ಟೀ ಚಮಚ ಸಕ್ಕರೆಯೆಂದು ತಿಳಿಯುತ್ತದೆ. ಲೆಕ್ಕ ನೂರು ಗ್ರಾಮಿಗೋ, ನೂರು ಮಿಲಿಲೀಟರಿಗೋ, ಇಡೀ ಪೊಟ್ಟಣಕ್ಕೋ ಎಂಬುದನ್ನು ಮೊದಲು ನೋಡಬೇಕು, ಮೋಸಹೋಗುವುದು ಅಲ್ಲಿಯೇ. ಮುನ್ನೂರು ಮಿಲಿಲೀಟರ್ ಕೋಲಾದಲ್ಲಿ ಸುಮಾರು ಎಂಟು ಚಮಚ ಸಕ್ಕರೆ ಕರಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನವೊಂದಕ್ಕೆ ಸುಮಾರು ಆರು ಚಮಚಕ್ಕೆ ನಿಲ್ಲಿಸಿದರೆ ಒಳ್ಳೆಯದೆನ್ನುತ್ತದೆ. ನಮ್ಮ ಪುನರ್ಪುಳಿ ಶರಬತ್ತಿಗೂ ಇದೇ ಲೆಕ್ಕ. ಮನೆಯದೆಂಬ ಕಾರಣಕ್ಕೆ ಸಕ್ಕರೆ ಹಗುರವಾಗುವುದಿಲ್ಲ. ಮಜ್ಜಿಗೆ ನೀರಿಗೆ ಆ ಚಿಂತೆಯಿಲ್ಲ.

ಓದುವ ಭಾರವನ್ನು ಮನೆಯವರ ಮೇಲೆ ಹೊರಿಸದ ದೇಶವೂ ಇದೆ. ದಕ್ಷಿಣ ಅಮೆರಿಕದ ಚಿಲಿ 2016ರಿಂದ ಸಕ್ಕರೆ, ಉಪ್ಪು, ಕೊಬ್ಬು ಮಿತಿಮೀರಿದ ಪೊಟ್ಟಣಗಳ ಎದುರಿಗೇ ಕಪ್ಪು ಅಷ್ಟಕೋನದ ಮುದ್ರೆ ಒತ್ತಿಸುತ್ತಿದೆ. ಅಂಥ ತಿನಿಸನ್ನು ಶಾಲೆಯೊಳಗೆ ಮಾರುವಂತಿಲ್ಲ, ಮಕ್ಕಳನ್ನು ಮರುಳುಮಾಡುವ ಕಾರ್ಟೂನು ಗೊಂಬೆಯನ್ನು ಅಚ್ಚುಹಾಕುವಂತಿಲ್ಲ. ಅಕ್ಷರ ಬಾರದವರಿಗೂ ಕಪ್ಪು ಮುದ್ರೆಗಳ ಎಣಿಕೆ ತಿಳಿಯುತ್ತದೆ. ಭಾಷಾ ಅಲ್ಪಸಂಖ್ಯಾತರಾದ ನಾವು ಇಂಥ ಮುದ್ರೆಗಾಗಿ ಎಲ್ಲರಿಗಿಂತ ಮೊದಲು ದನಿಯೆತ್ತಬೇಕಿತ್ತು.

ನಮ್ಮಲ್ಲಿಯೂ ನಿಯಮವಿಲ್ಲದಿಲ್ಲ. 2020ರ ಆಹಾರ ಸುರಕ್ಷಾ ನಿಯಮಾವಳಿಯಂತೆ ಶಾಲೆಯ ಕ್ಯಾಂಟೀನಿನಲ್ಲಿ ಮಾತ್ರವಲ್ಲ, ಆವರಣದಿಂದ 50 ಮೀಟರಿನೊಳಗೂ ಉಪ್ಪು, ಸಕ್ಕರೆ, ಕೊಬ್ಬು ಹೆಚ್ಚಿರುವ ತಿನಿಸನ್ನು ಮಕ್ಕಳಿಗೆ ಮಾರಬಾರದು. ರಕ್ಷಕ ಶಿಕ್ಷಕ ಸಂಘದ ಮುಂದಿನ ಸಭೆಯಲ್ಲಿ ಇದನ್ನು ಎತ್ತಿರಿ. ಆದರೆ ಗೂಡಂಗಡಿಯವನೊಡನೆ ಜಗಳ ಬೇಡ. ಅವನೂ ನಮ್ಮೂರಿನವನೇ, ಹೆಚ್ಚಾಗಿ ಅವನ ಮಕ್ಕಳೂ ಅದೇ ಶಾಲೆಯವರು. ಅವನ ಕಪಾಟಿನಲ್ಲಿ ನೆಲಗಡಲೆ, ಬಾಳೆಹಣ್ಣು, ಬೇಯಿಸಿದ ಕಡಲೆ ಇದ್ದರೆ ಕೊಳ್ಳುವೆವೆಂದು ಹೆತ್ತವರು ಒಟ್ಟಾಗಿ ಹೇಳಿದರೆ ಅವನು ತರಿಸಿಯಾನು.

ಅದೇ ಸಭೆಯಲ್ಲಿ ಇನ್ನೊಂದು ಮಾತು: ಆಟದ ಅವಧಿಯನ್ನು ಗಣಿತಕ್ಕೆ ಕಡಕೊಡುವ ರೂಢಿ ನಿಲ್ಲಲಿ. ಹಾಗೆಯೇ, ತರಗತಿಯಲ್ಲಿ ಯಾವ ಮಗುವನ್ನೂ ಎಲ್ಲರೆದುರು ತೂಕಕ್ಕೆ ನಿಲ್ಲಿಸಿ ಅಂಕಿಯನ್ನು ಗಟ್ಟಿಯಾಗಿ ಓದದಿರಲಿ. ನಾಚಿದ ಮಗು ಮೈದಾನಕ್ಕೆ ಇಳಿಯುವುದಿಲ್ಲ.