ಖೋ ಕೊಟ್ಟ ಅಪ್ಪ

ಬರೂ ಶ್ರಾವಣಕ್ಕ ನಮ್ಮಪ್ಪ ಹೋಗಿ ವರ್ಷ ಆಗತೈತಿ. ವರ್ಷದ ಕಾರ್ಯದ ಸಲುವಾಗಿ ಮೊನ್ನೆ ಐತಾರ ಹಾವೇರಿಯೊಳಗ ಅಣ್ಣನ ಮನ್ಯಾಗ ಎಲ್ಲಾರೂ ಕೂಡಿದ್ವಿ. ಅಣ್ಣ ಹೇಳಿದ: "ಅಪ್ಪನ ದೊಡ್ಡ ಫೋಟೋ ಮಾಡ್ಸೂಣು, ಏಲಕ್ಕಿ ಹಾರ ಹಾಕೂಣು. ಅಪ್ಪನ ಹೆಸರಿಲೆ ಹೊನಲು ಬೆಳಕಿನ ಕಬಡ್ಡಿ ಇಡೂಣು. ಗೆದ್ದ ಹುಡುಗ್ರಿಗೆ ದೊಡ್ಡ ಕಪ್ಪು, ರೊಕ್ಕ." ಎಲ್ಲಾರೂ ಹೂಂ ಅಂದ್ರು. ನಾ ಒಬ್ಬಾಕಿ ಸುಮ್ಮನ ಕುಂತಿದ್ದೆ. ಚಾ ಕೊಡೂ ಮುಂದ ವೈನಿ, "ಯಾಕ, ನಿನಗ ಮನಸಿಲ್ಲೇನು?" ಅಂತ ಕೇಳಿದ್ರು. ಅಷ್ಟು ಮಂದ್ಯಾಗ ನನಗ ಹೇಳಾಕ ಬರಲಿಲ್ಲ. ಅದಕ್ಕ ಇಲ್ಲಿ ಬರಿಯಾಕತ್ತೇನಿ. ವೈನಿ, ನೀವು ಓದಿ ಅಣ್ಣಗೂ ಓದಿ ಹೇಳ್ರಿ.

ನಿಮ್ಮೊಳಗ ಬಹಳ ಮಂದಿಗೆ ನಮ್ಮಪ್ಪ ಡ್ರಿಲ್ ಮಾಸ್ತರ್ರು ಅಂತನ ಗೊತ್ತು. ಬ್ಯಾಡಗಿ ತಾಲೂಕಿನೊಳಗ ಮೂವತ್ತು ವರ್ಷದ ಮ್ಯಾಲೆ ಹೈಸ್ಕೂಲ್ ಮಕ್ಕಳಿಗೆ ಆಟ ಕಲಿಸಿದಾವ. ನನಗೂ ಮೂರು ವರ್ಷ ಅವನೇ ಮಾಸ್ತರ. ಸಾಲ್ಯಾಗ 'ಅಪ್ಪಾ' ಅನ್ನೂ ಹಂಗಿಲ್ಲ, 'ಸರ್' ಅನ್ನಬೇಕು. ಒಮ್ಮೆ ಬಾಯಿ ತಪ್ಪಿ "ಅಪ್ಪಾ, ನೀರು" ಅಂದಿದ್ದಕ್ಕ ಎಲ್ಲಾರ ಮುಂದ ಮೈದಾನ ಎರಡು ಸುತ್ತು ಓಡಿಸಿದ್ದ. ರಾತ್ರಿ ಮನ್ಯಾಗ ತಾನೇ ತಂಬಗಿ ತುಂಬ ನೀರು ತಂದುಕೊಟ್ಟು, "ಇಲ್ಲಿ ಅನ್ನವಾ ಅಪ್ಪಾ ಅಂತ, ಎಷ್ಟು ಸಲ ಬೇಕಾದ್ರೂ ಅನ್ನು" ಅಂದ.

ನಮ್ಮ ಆಟ ಖೋ ಖೋ. ಚೆಂಡು ಬ್ಯಾಡ, ಬ್ಯಾಟು ಬ್ಯಾಡ, ಬೂಟೂ ಬ್ಯಾಡ. ಎರಡು ಕಂಬ ಮತ್ತು ಒಂದು ಬುಟ್ಟಿ ಸುಣ್ಣ ಇದ್ರ ಸಾಕು, ಅದಕ್ಕ ಬಡವರ ಮನಿ ಹುಡುಗೇರಿಗೆ ಇದೇ ಆಟ ಅಂತ ಅಪ್ಪ ಆರಿಸಿದ್ದ. ಆಡದವರಿಗೆ ಹೇಳತೀನಿ ಕೇಳ್ರಿ. ನಡುಗೆರಿ ಮ್ಯಾಲೆ ಎಂಟು ಮಂದಿ ಕುಂದರತಾರ, ಒಬ್ಬಾಕಿ ಮಾರಿ ಈ ಕಡೆ, ಮಗ್ಗಲದಾಕಿ ಮಾರಿ ಆ ಕಡೆ. ಒಂಬತ್ತನೇದಾಕಿ ಬೆನ್ನಟ್ಟಬೇಕು. ಆಕಿ ಒಮ್ಮೆ ಒಂದು ದಿಕ್ಕು ಹಿಡದಳಂದ್ರ ಹಿಂದ ತಿರಗೂ ಹಂಗಿಲ್ಲ. ಕುಂತಾಕಿ ತಾನಾಗೇ ಏಳೂ ಹಂಗಿಲ್ಲ. ಹಿಂದಿನಿಂದ ಬೆನ್ನು ಮುಟ್ಟಿ "ಖೋ" ಅಂದಾಗಷ್ಟ ಏಳಬೇಕು. ಕಾಲಾಗ ಎಷ್ಟ ಬಲ ಇರಲಿ, ಯಾರೂ ಖೋ ಕೊಡದಿದ್ರ ಕುಂತಲ್ಲೇ ಕುಂದ್ರೂದು.

ಬ್ಯಾಡಗಿ ಸೀಮಿಯೊಳಗ ಮೆಣಸಿನಕಾಯಿ ಸುಗ್ಗಿ ಬಂತಂದ್ರ ಅರ್ಧ ಮೈದಾನದಾಗ ಕಾಯಿ ಒಣಗ ಹಾಕತಿದ್ರು. ಉಳದ ಅರ್ಧದಾಗ ನಾವು ಸೀನಕೋತ ಓಡತಿದ್ವಿ. ಅದರಕಿಂತ ದೊಡ್ಡ ತ್ರಾಸು ಅಂದ್ರ ಹುಡುಗೇರು ಬರೂದ ನಿಲ್ಲತಿತ್ತು. ಅವ್ವಂದಿರ ಜೋಡಿ ಕುಂತು ಕಾಯಿ ತೊಟ್ಟು ಬಿಡಸೂ ಕೆಲಸ. ಅಪ್ಪ ಸಂಜಿಕೆ ಅವರ ಮನಿಗೆ ಹೋಗಿ, "ನಾನೂ ಕುಂದರತೀನಿ ತಗೋರಿ, ಲಗೂ ಮುಗಸೂಣು. ಆಮ್ಯಾಲೆ ಕೂಸಿನ್ನ ಒಂದು ತಾಸು ಕಳಸ್ರಿ" ಅಂತಿದ್ದ. ಮಾಸ್ತರ್ರು ತೊಟ್ಟು ಬಿಡಸಾಕ ಕುಂತ್ರ ಯಾರು ಒಲ್ಲೆ ಅಂದಾರು? ಬ್ಯಾಡಗಿ ಕಾಯಿ ಬಣ್ಣಕ್ಕ ಹೆಸರು, ಖಾರ ಕಡಿಮಿ ಅಂತಾರ. 2011ರಾಗ ಭೌಗೋಳಿಕ ಗುರುತಿನ ಮುದ್ರಿನೂ ಬಿತ್ತು. ಆದ್ರ ದಿನಾ ತೊಟ್ಟು ಬಿಡಸೂ ಬೆರಳಿಗೆ ಕೇಳ್ರಿ. ಅಪ್ಪ ಮನಿಗೆ ಬಂದು ಕೈಗೆ ಕೊಬ್ಬರಿ ಎಣ್ಣಿ ಹಚಗೊಂಡು ಕುಂದರತಿದ್ದ, ಉಣ್ಣಾಕೂ ಆಗತಿರಲಿಲ್ಲ.

ಮುಂದ ಪ್ರಕಾಶ ಪಡುಕೋಣೆ ಅವರ ಬಗ್ಗೆ ಓದಿದಾಗ ನನಗ ಅಪ್ಪನ ನೆನಪಾತು. ಅವರಿಗೆ ಬ್ಯಾಡ್ಮಿಂಟನ್ ಹಚ್ಚಿದವರು ಅವರ ತಂದಿ ರಮೇಶ ಪಡುಕೋಣೆ. ಬೆಂಗಳೂರಿನ ಮಲ್ಲೇಶ್ವರದಾಗ ಕೆನರಾ ಯೂನಿಯನ್‌ದ ಮದುವಿ ಹಾಲ್‌ನ್ಯಾಗ ಆಡಬೇಕಾಗಿತ್ತು, ಅದೂ ಮದುವಿ ಇಲ್ಲದ ದಿನ. ಆ ಹುಡುಗ 1980ರಾಗ ಆಲ್ ಇಂಗ್ಲೆಂಡ್ ಗೆದ್ದ. ಅಲ್ಲಿ ಮದುವಿ, ಇಲ್ಲಿ ಮೆಣಸಿನಕಾಯಿ. ಜಾಗಾ ಬಿಡಿಸಿಕೊಡಾಕ ಒಬ್ಬ ಅಪ್ಪ ನಿಲ್ಲಬೇಕು, ಅಷ್ಟ.

ನಮ್ಮ ಕಾಲಕ್ಕ ಹಾವೇರಿ ಇನ್ನೂ ಜಿಲ್ಲಾ ಆಗಿರಲಿಲ್ಲ, ಅದು ಆಗಿದ್ದು 1997ರಾಗ. ಜಿಲ್ಲಾ ಪಂದ್ಯ ಅಂದ್ರ ಧಾರವಾಡ. 1990ರಾಗ ನಾವು ಹನ್ನೆರಡು ಹುಡುಗೇರು ಹೊಂಟ್ವಿ. ಅವ್ವ ಬೆಳಕು ಹರಿಯೂದರಾಗ ಎಲ್ಲಾರಿಗೂ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ್ದಳು. ಎರಡನೇ ಪಂದ್ಯದಾಗ ಸೋತು ಬಂದ್ವಿ. ಹೊಳ್ಳಿ ಬರೂ ಮುಂದ ಬಸ್ಸು ತಪ್ಪಿ ಮೋಟೆಬೆನ್ನೂರಿಂದ ನಡಕೋತ ಬಂದ್ವಿ. ಕಾಲು ನೋವಂತ ಅತ್ರ ಅಪ್ಪ, "ಇದು ಮೈಲಾರ ಮಹದೇವಪ್ಪನ ಊರು. 1930ರಾಗ ಗಾಂಧೀಜಿ ಜೋಡಿ ದಂಡಿಗೆ ನಡದಾಗ ಅವಗ ಹದಿನೆಂಟು ವರ್ಷ. ಇಪ್ಪತ್ನಾಲ್ಕು ದಿನ ನಡದ. ನೀವು ಒಂದು ಊರು ನಡೀರಿ" ಅಂದ. 1943ರಾಗ ಹೊಸರಿತ್ತಿಯೊಳಗ ಆತ ಗುಂಡಿಗೆ ಬಲಿಯಾದ ಕಥಿ ಮುಗಿಯೂದರೊಳಗ ಊರು ಬಂದಿತ್ತು.

ಅಪ್ಪ ದೇವರಲ್ಲ, ಅದನ್ನೂ ಬರಿತೀನಿ. ಮಂದಿ ಮಕ್ಕಳಿಗೆ ಸಂಜಿ ಕೊಟ್ಟಾವ ಅವ್ವಗ ಕೊಡಲಿಲ್ಲ. ದಳಾ, ಹಿಟ್ಟು, ಸಂತಿ, ನಮ್ಮ ಜ್ವರ ಎಲ್ಲಾ ಆಕಿ ಒಬ್ಬಾಕಿನ ನೋಡಿದ್ಲು. ಊರಿಂದ ಊರಿಗೆ ಹೋಗೂ ಹುಡುಗೇರು ಉಂಡಿದ್ದು ಆಕಿ ಬಡದ ರೊಟ್ಟಿ. ಮಾಸ್ತರ್ರ ಹೆಸರು ಹೇಳೂ ಮುಂದ ಅವ್ವನ ಹೆಸರು ಯಾರೂ ಹೇಳಂಗಿಲ್ಲ. ಫೋಟೋ ಹಾಕೂದಾದ್ರ ಇಬ್ಬರದೂ ಹಾಕೂಣು.

ಈಗ ನನ್ನ ತಪ್ಪು. ನಾ ಲಗ್ನಾಗಿ ರಾಣೆಬೆನ್ನೂರಿಗೆ ಬಂದೆ. ನಮ್ಮ ಸಣ್ಣಾಕಿ ಏಳನೇತ್ತದ ಮಟಾ ಚಲೋ ಆಡತಿದ್ಲು. ಎಂಟನೇತ್ತಕ್ಕ ಬಂದ ಕೂಡ್ಲೆ ನಾನ ಬಿಡಿಸಿದೆ. ದೊಡ್ಡಾಕಿ ಆಗ್ಯಾಳ, ಬಿಸಲಾಗ ಕರ್ರಗ ಆಗತಾಳ, ಟ್ಯೂಷನ್ ತಪ್ಪತೈತಿ ಅಂತ ಹೇಳಿದೆ. ಯಾರೂ ನನ್ನ ಬೈಲಿಲ್ಲ. ನಿಮ್ಮೊಳಗನ ಇಬ್ಬರು ಮೂವರು "ಚಲೋ ಮಾಡಿದಿ" ಅಂದ್ರಿ.

2025ರ ಸಂಕ್ರಾಂತಿಗೆ ಅಪ್ಪ ನಮ್ಮ ಮನಿಗೆ ಬಂದಿದ್ದ. ಜನವರಿ 19ಕ್ಕ ದಿಲ್ಲಿಯೊಳಗ ಮೊದಲನೇ ಖೋ ಖೋ ವಿಶ್ವಕಪ್ ಫೈನಲ್. ನಮ್ಮ ಹೆಣ್ಣುಮಕ್ಕಳು ನೇಪಾಳದವರನ್ನ 78–40ರಿಂದ ಸೋಲಿಸಿದ್ರು. ನಮ್ಮ ತಂಡದಾಗ ಟಿ. ನರಸೀಪುರ ತಾಲೂಕಿನ ಕುರುಬೂರಿನ ಚೈತ್ರಾ ಇದ್ಲು, ಹಳ್ಳಿ ಹುಡುಗಿ. ಅಪ್ಪ ಟೀವಿ ಮುಂದ ಕುರ್ಚಿ ತುದಿಗೆ ಕುಂತು ಮೊಮ್ಮಗಳಿಗೆ "ನೋಡು, ಕಂಬ ಹೆಂಗ ತಿರಗಿದ್ಲು ನೋಡು" ಅನಕೋತ ಕಣ್ಣೀರು ಒರಸಗೊಂಡ. ಆಮ್ಯಾಲೆ ನನ್ನ ಕಡೆ ತಿರಗಿ ಕೇಳಿದ: "ಕೂಸು ಆಡಾಕ ಹೋಗಾಕತ್ತಿಲ್ಲೇನು?"

"ಹತ್ತನೇತ್ತ ಹತ್ರ ಬಂತಲ್ಲಪ್ಪಾ."

"ನಿಮ್ಮವ್ವನೂ ಹಿಂಗ ಅಂದಿದ್ಲು. ನಾ ಕೇಳಲಿಲ್ಲ" ಅಂದ. ಅಷ್ಟ. ಮುಂದ ಆ ಮಾತು ತಗೀಲಿಲ್ಲ. ಆ ಶ್ರಾವಣದಾಗ ಹೋಗೇಬಿಟ್ಟ.

ಮಣ್ಣಿಗೆ ಬಂದವರೊಳಗ ಅರವತ್ತು ದಾಟಿದ ಒಬ್ಬಾಕಿ ಇದ್ಲು. ಅಪ್ಪನ ಮೊದಲಿನ ವರ್ಷದ ಖೋ ಖೋ ಹುಡುಗಿ. ನನ್ನ ಕೈ ಹಿಡಕೊಂಡು, "ನನಗ ಕಪ್ಪು ಸಿಗಲಿಲ್ಲವಾ. ಆದ್ರ ಗಂಡ ಹ್ವಾದ ಮ್ಯಾಲೆ ಒಬ್ಬಾಕಿನ ಹೊಲ ಮಾಡಿದೆ, ಮಾರ್ಕೆಟ್ಟಿಗೆ ಚೀಲ ಹಾಕಿದೆ, ಯಾರಿಗೂ ಅಂಜಲಿಲ್ಲ. ನಿಮ್ಮಪ್ಪ ಮೊದಲು ಅಂಜಿಕಿ ಬಿಡಿಸಿದ್ದ" ಅಂದ್ಲು. ಇದಕ್ಕ ಎಲ್ಲಿ ಕಪ್ಪು ಕೊಡತಾರ ಹೇಳ್ರಿ?

ಅದಕ್ಕ ಅಣ್ಣಾ, ನನ್ನ ಮಾತು ಇಷ್ಟು. ಹುಡುಗ್ರ ಕಬಡ್ಡಿ ಮ್ಯಾಲೆ ನನಗ ಸಿಟ್ಟಿಲ್ಲ. ಅದಕ್ಕ ರೊಕ್ಕ ಕೊಡವರು ಬಹಳ ಮಂದಿ ಅದಾರ. ಅಪ್ಪನ ಹೆಸರಿನ ರೊಕ್ಕ ಮಾತ್ರ ಅಪ್ಪ ಮಾಡಿದ ಕೆಲಸಕ್ಕ ಹೋಗಬೇಕು. ಒಂದು ರಾತ್ರಿ ದೀಪದ ಖರ್ಚಿನಾಗ ಒಂದು ಹೆಣ್ಣುಮಕ್ಕಳ ತಂಡಕ್ಕ ಕಂಬ, ಸುಣ್ಣ, ಮೊಣಕಾಲಿನ ಪಟ್ಟಿ, ಊರಿಂದ ಊರಿಗೆ ಹೋಗೂ ಬಸ್ಸಿನ ಚಾರ್ಜು ಬರತಾವ. ರೊಕ್ಕ ಉಳದ್ರ ಮೈದಾನದ ಮಗ್ಗಲಕ್ಕ ಬಟ್ಟಿ ಬದಲಿಸಾಕ ಚಿಲಕ ಇರೂ ಒಂದು ಖೋಲಿ. ಎಷ್ಟೋ ಹುಡುಗೇರು ಆಟ ಬಿಡೂದು ಕಾಲು ಸೋತಿದ್ದಕ್ಕಲ್ಲ, ಆ ಖೋಲಿ ಇಲ್ಲದ್ದಕ್ಕ. ಇದು ನಮಗೆಲ್ಲಾ ಗೊತ್ತು, ಬಾಯಿಬಿಟ್ಟು ಹೇಳಂಗಿಲ್ಲ.

ಅಕ್ಕಗಳ್ರಾ, ನಿಮಗೂ ಒಂದು ಮಾತು. ನನ್ನ ಮಗಳ ಸಾಲ್ಯಾಗ ಆಟದ ಪಿರಿಯಡ್ ಗೋಡಿ ಮ್ಯಾಲಿನ ಹಾಳ್ಯಾಗ ಐತಿ, ಆ ತಾಸಿನ್ಯಾಗ ಲೆಕ್ಕ ಮಾಡಸ್ತಾರ. ಕೇಳಾಕ ಹೋದ್ರ "ತಾಯಂದಿರ ಬೇಡಿಕಿ ರೀ" ಅಂದ್ರು. ಸುಳ್ಳಲ್ಲ, ನಾನೂ ಆ ತಾಯಂದಿರೊಳಗ ಒಬ್ಬಾಕಿ ಇದ್ದೆ. ಮಾರ್ಕ್ಸ್ ಬ್ಯಾಡ ಅನ್ನಂಗಿಲ್ಲ. ದಿನದಾಗ ಒಂದು ತಾಸು ಓಡಿ ಬಂದ ಕೂಸು ರಾತ್ರಿ ಪುಸ್ತಕದ ಮುಂದ ತೂಕಡಸಂಗಿಲ್ಲ, ನನ್ನ ಮ್ಯಾಲನ ನೋಡೇನಿ. ಧಾರವಾಡಕ್ಕ ಹೋಗಿ ಬಂದ ಬೆನ್ನಿಗೆ ಹತ್ತನೇತ್ತನೂ ಪಾಸಾದೆ. ಬಣ್ಣದ ಮಾತಿಗೆ ಅಪ್ಪ ಒಂದ ಉತ್ತರ ಕೊಡತಿದ್ದ: "ಕಾಯಿ ಬಿಸಲಿಗೆ ಹಾಕಿದ್ರ ಬಣ್ಣ ಬರತೈತಿ, ಕೂಸಿಗೆ ಯಾಕ ಅಂಜತೀರಿ?"

ಹೋದ ಸೋಮವಾರದಿಂದ ನಮ್ಮ ಸಣ್ಣಾಕಿ ಮತ್ತ ಮೈದಾನಕ್ಕ ಹೋಗಾಕತ್ತಾಳ. ಈಗ ಆಕಿ ಹತ್ತನೇತ್ತ. ನಾನ ಕಳಿಸೇನಿ. ಎರಡು ವರ್ಷ ಬಿಟ್ಟಿದ್ದಕ್ಕ ಮೈ ಭಾರಾಗೇತಿ, ಕಾಲು ಹಿಡಕೋತಾವ ಅಂತಾಳ. ನಿನ್ನೆ ಸಂಜಿಕೆ ನೋಡಾಕ ಹೋಗಿದ್ದೆ. ಗೆರಿ ಮ್ಯಾಲೆ ಕುಂತಿದ್ಲು, ಕೈ ನೆಲಕ್ಕ ಊರಿ, ಕಿವಿ ಹಿಂದ ಇಟ್ಟು. ಹಿಂದಿನಾಕಿ ಬೆನ್ನು ಮುಟ್ಟಿ ಖೋ ಅಂದ ಕೂಡ್ಲೆ ಎದ್ದು ಓಡಿದ್ಲು.

ವರ್ಷದ ಕಾರ್ಯಕ್ಕ ಎಲ್ಲಾರೂ ಬರ್ರಿ. ಬರೂ ಮುಂದ ನಿಮ್ಮ ಮನ್ಯಾಗಿನ ಹುಡುಗೇರನ್ನೂ ಕರಕೊಂಡು ಬರ್ರಿ. ಊಟ ಆದ ಮ್ಯಾಲೆ ಬಿಸಲು ಇಳದಾಗ ಆಡಸೂಣು. ಸುಣ್ಣ ನಾ ತರತೀನಿ.